ಹಿಡಿತದ ಹದ

ಸೆಪ್ಟೆಂಬರ್ 15ನೆಯ ದಿನ ಒಮ್ಮೆಯಾದರೂ ಮುದ್ದೇನಹಳ್ಳಿಗೆ ಹೋಗಿಬರಬೇಕೆಂಬ ಬಯಕೆ ನನ್ನಲ್ಲಿ ಬಹುಕಾಲದಿಂದ ಇತ್ತು. ಕನ್ನಡ ಪಾಠ ಹೇಳುವವನಿಗೆ ಎಂಜಿನಿಯರುಗಳ ದಿನದಂದು ಅಲ್ಲೇನು ಕೆಲಸವೆಂದು ವಾಚಕರು ನಗಬಹುದು. ನನ್ನ ಮನೆಯಾಕೆಯೂ ನಕ್ಕಳು. ಆದರೆ ಪೀಣ್ಯದಲ್ಲಿ ಸಣ್ಣದೊಂದು ವರ್ಕ್‌ಷಾಪು ಇಟ್ಟುಕೊಂಡಿರುವ ಅವಳ ತಮ್ಮ, “ನಾನೂ ಬರುತ್ತೇನೆ ಭಾವ” ಎಂದಾಗ ಅವಳ ನಗೆ ನಿಂತಿತು. ನನ್ನನ್ನು ಒಳಗೆ ಕರೆದು, “ಕರೆದುಕೊಂಡು ಹೋಗಿ. ಒಂದು ವಾರದಿಂದ ಅವನು ಸರಿಯಾಗಿ ಊಟ ಮಾಡಿಲ್ಲ. ಏನೆಂದು ಕೇಳಿದರೆ ಬಾಯಿ ಬಿಡುವುದಿಲ್ಲ” ಎಂದಳು.

ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ, ನಂದಿಬೆಟ್ಟ ಕಣ್ಣಿಗೆ ಬೀಳುವ ಹೊತ್ತಿಗೆ, ಅವನು ಬಾಯಿ ಬಿಟ್ಟನು. ಜೇಬಿನಿಂದ ಉಕ್ಕಿನದೊಂದು ಬಳೆಯನ್ನು ತೆಗೆದು ನನ್ನ ಕೈಯಲ್ಲಿಟ್ಟನು. ಅಂಗೈಯಗಲದ, ತೆಳುವಾದ, ಕನ್ನಡಿಯಂತೆ ಹೊಳೆಯುವ ಬಳೆ. “ಇಂಥವು ಮುನ್ನೂರು ಮಾಡಿಕೊಟ್ಟೆ ಭಾವ. ಅರವತ್ತೆರಡು ಹಿಂದಕ್ಕೆ ಬಂದವು. ಇದರೊಳಗೆ ಬೇರಿಂಗು ಕೂರಬೇಕು; ಕೂರುವುದಿಲ್ಲವಂತೆ. ಇನ್ನೊಂದು ಸಲ ಹೀಗಾದರೆ ಆರ್ಡರು ಬೇರೆಯವರಿಗೆ ಎಂದು ಕಾಗದ ಬಂದಿದೆ” ಎಂದನು.

ನನಗೆ ಆ ಬಳೆಯಲ್ಲಿ ದೋಷವೇ ಕಾಣಲಿಲ್ಲ. ಅವನ ಸಂಕಟವೂ ಅದೇ. ಯಂತ್ರದ ಮೇಲಿರುವಾಗಲೇ ಅಳೆದು ನೋಡಿದ್ದಾನೆ, ಸರಿಯಾಗಿದೆ. ಕೆಳಗಿಳಿಸಿ ಮೇಜಿನ ಮೇಲಿಟ್ಟು, ಒಳಗಿನ ವ್ಯಾಸವನ್ನು ನಾಲ್ಕು ದಿಕ್ಕಿನಿಂದ ಮೈಕ್ರೋಮೀಟರಿನಿಂದ ಅಳೆದಿದ್ದಾನೆ, ಆಗಲೂ ಸರಿಯಾಗಿದೆ. ಅಳತೆ ಸರಿ, ವಸ್ತು ತಪ್ಪು! ಕೊನೆಗೆ ಸಿಟ್ಟೆಲ್ಲ ತಿರುಗಿದ್ದು ಯಂತ್ರ ನಡೆಸುತ್ತಿದ್ದ ಹುಡುಗನ ಮೇಲೆ. ಗೌರಿಬಿದನೂರಿನ ಕಡೆಯವನು, ಐ.ಟಿ.ಐ. ಮುಗಿಸಿ ಎರಡು ವರ್ಷದಿಂದ ಇವನಲ್ಲಿ ದುಡಿಯುತ್ತಿದ್ದವನು. “ಅಜಾಗರೂಕತೆ ಎಂದು ನಾಲ್ಕು ಜನರ ಮುಂದೆ ಬೈದೆ. ಅಂದಿನಿಂದ ಅವನು ಕೆಲಸಕ್ಕೆ ಬಂದಿಲ್ಲ” ಎಂದು ಹೇಳಿ, ಭಾವಮೈದ ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡನು.

ಒಂದು ಬಳೆ ಕೆಟ್ಟರೆ ಏನು ಮಹಾ ನಷ್ಟ, ಗುಜರಿಗೆ ಹಾಕಿದರೆ ಸ್ವಲ್ಪ ದುಡ್ಡು ಬರುವುದಲ್ಲವೇ ಎಂದು ನಾನು ಕೇಳಿದೆ. ಅವನು ನನಗೊಂದು ಲೆಕ್ಕ ಹೇಳಿದನು. ನೂರು ರೂಪಾಯಿಗೆ ಮಾರುವ ವಸ್ತುವಿಗೆ ತೊಂಬತ್ತು ರೂಪಾಯಿ ಖರ್ಚು ಬಿದ್ದಿದೆ ಎಂದಿಟ್ಟುಕೊಳ್ಳಿ. ಲಾಭ ಹತ್ತು. ಅಂಥದೊಂದು ವಸ್ತು ಕೆಟ್ಟರೆ ತೊಂಬತ್ತು ರೂಪಾಯಿ ಹೋಯಿತು; ಎಂದರೆ ಒಂಬತ್ತು ಒಳ್ಳೆಯ ವಸ್ತುಗಳ ಲಾಭವನ್ನು ಅದೊಂದೇ ನುಂಗಿತು. ಗುಜರಿಯವನು ಕೊಡುವುದು ಬರಿಯ ಉಕ್ಕಿನ ತೂಕಕ್ಕೆ. ಅದರ ಮೇಲೆ ಸುರಿದ ವಿದ್ಯುತ್ತು, ಸವೆದ ಉಳಿ, ಕಳೆದ ಹೊತ್ತು, ಆಳಿನ ಬೆವರು ಇವು ಯಾವುವೂ ತಕ್ಕಡಿಗೆ ಏರುವುದಿಲ್ಲ. ಮೊದಲ ಹಂತದಲ್ಲಿ ಕೆಟ್ಟ ವಸ್ತುವಿಗಿಂತ ಕಡೆಯ ಹಂತದಲ್ಲಿ ಕೆಟ್ಟ ವಸ್ತು ಹೆಚ್ಚು ದುಬಾರಿ. ಮುನ್ನೂರರಲ್ಲಿ ಅರವತ್ತೆರಡು ಹೋದರೆ ಲಾಭದ ಮಾತು ಹಾಗಿರಲಿ, ಬ್ಯಾಂಕಿನ ಕಂತಿಗೇ ಕೈಯಿಂದ ಹಾಕಬೇಕು. ಆ ಯಂತ್ರದ ಸಾಲಕ್ಕೆ ನನ್ನ ಮಾವನವರ ನಿವೇಶನ ಆಧಾರವಾಗಿದೆಯೆಂಬುದು ನನಗೆ ಆಗ ನೆನಪಿಗೆ ಬಂದಿತು.

ಮುದ್ದೇನಹಳ್ಳಿ ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. 2007ರಲ್ಲಿ ಆ ಜಿಲ್ಲೆ ಬೇರೆಯಾಗುವವರೆಗೆ ಕೋಲಾರಕ್ಕೆ ಸೇರಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಅಲ್ಲಿ. ನೂರು ವರ್ಷ ದಾಟಿ ಬಾಳಿ 1962ರಲ್ಲಿ ತೀರಿಕೊಂಡ ಮೇಲೆ ಅವರ ಸಮಾಧಿಯಾದದ್ದೂ ಅಲ್ಲಿಯೇ. ಅವರ ಮನೆಯನ್ನು ಈಗ ವಸ್ತುಸಂಗ್ರಹಾಲಯವಾಗಿ ಕಾಪಾಡಿದ್ದಾರೆ. ಆ ದಿನ ಶಾಲೆಯ ಮಕ್ಕಳು, ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಹಾರ ಹಿಡಿದ ಹಿರಿಯರು ಎಲ್ಲರೂ ಸಾಲಾಗಿ ನಿಂತಿದ್ದರು.

ಕನ್ನಂಬಾಡಿಯ ಅಣೆಕಟ್ಟನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಅಂದು ನೆನಪಾದದ್ದು ಭದ್ರಾವತಿ. 1923ರಲ್ಲಿ ಅಲ್ಲಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿ ನಷ್ಟದಲ್ಲಿ ತೊಳಲುತ್ತಿದ್ದಾಗ ಅದರ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ಈ ಹಳ್ಳಿಯ ಮಗ ವಹಿಸಿಕೊಂಡರು. ಅಲ್ಲಿ ಕಲ್ಲಿದ್ದಲಿನ ಬದಲು ಕಟ್ಟಿಗೆಯ ಇದ್ದಲಿನಿಂದ ಅದಿರನ್ನು ಕರಗಿಸುತ್ತಿದ್ದರು. ಕಟ್ಟಿಗೆಯನ್ನು ಸುಡುವಾಗ ಹೊಗೆಯಾಗಿ ಹೋಗಬಹುದಾಗಿದ್ದ ಮದ್ಯಸಾರ, ಟಾರು ಮೊದಲಾದುವನ್ನು ಹಿಡಿದಿಡುವ ಏರ್ಪಾಡು ಆ ಕಾರ್ಖಾನೆಯ ಒಂದು ಅಂಗವೇ ಆಗಿತ್ತು. ಹಾಳಾಗಿ ಹೋಗುವುದನ್ನು ತಡೆಯುವುದೂ ಉತ್ಪಾದನೆಯೇ ಎಂಬ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಇದನ್ನು ನಾನು ಭಾವಮೈದನಿಗೆ ಹೇಳಿದೆ. “ಹೊಗೆಯನ್ನು ಹಿಡಿದರಂತೆ, ನನಗೆ ಒಂದು ಬಳೆ ಹಿಡಿಯಲಾಗಲಿಲ್ಲ” ಎಂದು ಅವನು ಮತ್ತೆ ಜೇಬಿಗೆ ಕೈಹಾಕಿ ಅದನ್ನು ತೆಗೆದನು.

ಪಕ್ಕದ ಕಟ್ಟೆಯ ಮೇಲೆ, ಏಳೆಂಟು ವರ್ಷದ ಮೊಮ್ಮಗಳೊಂದಿಗೆ, ವೃದ್ಧರೊಬ್ಬರು ಕುಳಿತಿದ್ದರು. ಬಿಳಿಯ ಷರಟು, ಮಡಿಸಿದ ಕೊಡೆ. ಅವರ ದೃಷ್ಟಿ ಬಳೆಯ ಮೇಲೆ ಬಿದ್ದಿತು. “ಸ್ವಾಮಿ, ಅದನ್ನು ಸ್ವಲ್ಪ ಕೊಡುತ್ತೀರಾ?” ಎಂದು ಕೇಳಿ ತೆಗೆದುಕೊಂಡು, ಒಳಮೈಯ ಮೇಲೆ ಬೆರಳಾಡಿಸಿದರು. ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೂವತ್ತೈದು ವರ್ಷ ಟರ್ನರಾಗಿದ್ದು ನಿವೃತ್ತರಾದವರು, ಚಿಕ್ಕಬಳ್ಳಾಪುರದಲ್ಲಿ ವಾಸ ಎಂದು ಆಮೇಲೆ ತಿಳಿಯಿತು.

ಕಥೆಯೆಲ್ಲ ಕೇಳಿದ ಮೇಲೆ ಅವರು, ಯಾವ ಯಂತ್ರವೆಂದಾಗಲಿ, ಯಾವ ಉಳಿಯೆಂದಾಗಲಿ ಕೇಳಲಿಲ್ಲ. “ಇದನ್ನು ಹೇಗೆ ಹಿಡಿದಿದ್ದಿರಿ?” ಎಂದು ಕೇಳಿದರು.

“ಮೂರು ಜಾ ಚಕ್ಕಿನಲ್ಲಿ.”

“ಎಷ್ಟು ಬಿಗಿಯಾಗಿ?”

“ಜಾರಬಾರದೆಂದು ಚೆನ್ನಾಗಿಯೇ ಬಿಗಿ ಮಾಡಿಸಿದ್ದೆ, ಯಜಮಾನರೇ.”

ವೃದ್ಧರು ನಕ್ಕರು. ಮೊಮ್ಮಗಳ ಕೈಯಿಂದ ರಬ್ಬರಿನ ಬಳೆಯೊಂದನ್ನು ಬಿಡಿಸಿಕೊಂಡು, ಮೂರು ಬೆರಳಿನಿಂದ ಸುತ್ತಲೂ ಅದುಮಿದರು. ಬೆರಳಿದ್ದ ಮೂರು ಕಡೆ ಬಳೆ ಒಳಕ್ಕೆ ತಗ್ಗಿತು. ನಡುವಿನ ಮೂರು ಕಡೆ ಹೊರಕ್ಕೆ ಉಬ್ಬಿತು. “ಉಕ್ಕೂ ಹೀಗೆಯೇ. ಕಣ್ಣಿಗೆ ಕಾಣದು, ಅಷ್ಟೆ. ಹೀಗೆ ಅದುಮಿಸಿಕೊಂಡು ಡೊಂಕಾಗಿ ನಿಂತಿರುವಾಗ ನೀವು ಒಳಗೆ ದುಂಡಗೆ ಕಡೆದಿರಿ. ದುಂಡಗೇ ಬಂದಿತು. ಅಲ್ಲಿಯೇ ಅಳೆದಿರಿ, ಸರಿಯಾಗಿತ್ತು. ಆಮೇಲೆ ಚಕ್ಕು ಬಿಚ್ಚಿದಿರಿ.” ಅವರು ಬೆರಳು ಸಡಿಲಿಸಿದರು, ಬಳೆ ತನ್ನ ಆಕಾರಕ್ಕೆ ಮರಳಿತು. “ಬಳೆ ತನ್ನ ಸಹಜಸ್ಥಿತಿಗೆ ಬಂದಿತು. ನೀವು ಕಡೆದ ದುಂಡು ಈಗ ಡೊಂಕಾಯಿತು. ಯಂತ್ರ ತಪ್ಪು ಮಾಡಲಿಲ್ಲ, ಉಳಿ ತಪ್ಪು ಮಾಡಲಿಲ್ಲ. ತಪ್ಪು ಹಿಡಿತದಲ್ಲಿದೆ.”

“ಆದರೆ ಬಿಚ್ಚಿದ ಮೇಲೂ ನಾಲ್ಕು ದಿಕ್ಕಿನಿಂದ ಅಳೆದೆನಲ್ಲ!” ಎಂದು ಭಾವಮೈದ ತಡೆದನು.

“ಅಲ್ಲಿಯೇ ಮೋಸ. ಮೂರು ಉಬ್ಬು, ಮೂರು ತಗ್ಗು. ಒಂದು ಉಬ್ಬಿಗೆ ನೇರ ಎದುರಿನಲ್ಲಿ ಏನಿರುತ್ತದೆ, ಲೆಕ್ಕ ಹಾಕಿ. ತಗ್ಗಿರುತ್ತದೆ. ಇಲ್ಲಿ ಹೆಚ್ಚಾದಷ್ಟು ಅಲ್ಲಿ ಕಡಿಮೆ. ಎರಡು ತುದಿಯಿಂದ ಅಳೆಯುವ ಮೈಕ್ರೋಮೀಟರಿಗೆ ಯಾವ ದಿಕ್ಕಿನಲ್ಲಿಯೂ ಒಂದೇ ವ್ಯಾಸ ಕಾಣುತ್ತದೆ. ಬೇರಿಂಗಿಗೆ ಹಾಗಲ್ಲ, ಅದು ಸುತ್ತಲೂ ಮುಟ್ಟಿ ನೋಡುತ್ತದೆ. ಮೂರು ಕಾಲಿನ ಬೋರ್ ಗೇಜಿನಿಂದ ತಿರುಗಿಸಿ ತಿರುಗಿಸಿ ಅಳೆದಿದ್ದರೆ ನಿಮಗೂ ಕಾಣುತ್ತಿತ್ತು.”

ಭಾವಮೈದ ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, “ಬಿಗಿಯ ಒತ್ತಡವನ್ನು ಇಟ್ಟವನು ನಾನು, ಹುಡುಗನಲ್ಲ” ಎಂದನು.

ಆ ಹಿರಿಯರು ದೊಡ್ಡ ಮನಸ್ಸಿನವರು. ಮುಂದಿನ ಭಾನುವಾರ ತಾವೇ ಪೀಣ್ಯಕ್ಕೆ ಬಂದರು. ಕುತೂಹಲದಿಂದ ನಾನೂ ಹೋದೆ. ಆ ದಿನ ನಾನು ಕಲಿತದ್ದನ್ನು ವಾಚಕರಿಗೆ ಒಪ್ಪಿಸುವುದೇ ಈ ವಾರದ ಲೇಖನದ ಉದ್ದೇಶ.

ಲೇತಿಗೆ ನಮ್ಮ ಹಳಗನ್ನಡಕ್ಕೆ ಹೊಂದುವ ಒಳ್ಳೆಯ ಹೆಸರಿದೆ: ಕಡಸಲು. ಮಜ್ಜಿಗೆ ಕಡೆಯುವುದೂ ಕಡೆತವೇ, ಕಂಬ ಕಡೆಯುವುದೂ ಕಡೆತವೇ; ಎರಡರಲ್ಲಿಯೂ ಒಂದು ವಸ್ತು ಒಂದೆಡೆ ನಿಂತು ತಿರುಗಬೇಕು. ಕಡಗೋಲಿಗೆ ಹಗ್ಗದ ಹಿಡಿತವಿದ್ದಂತೆ ಕಡಸಲಿಗೆ ಚಕ್ಕಿನ ಹಿಡಿತ. ಮೂರು ದವಡೆಗಳು ಒಟ್ಟಿಗೆ ಚಲಿಸಿ ವಸ್ತುವನ್ನು ತಾವಾಗಿಯೇ ನಡುವಿಗೆ ತರುತ್ತವೆ. ಇದು ಅನುಕೂಲ, ಆದರೆ ದವಡೆ ಸವೆದಿದ್ದರೆ ನಡು ತಪ್ಪುತ್ತದೆ. ನಡು ಅರ್ಧ ಕೂದಲೆಳೆಯಷ್ಟು ತಪ್ಪಿದರೆ, ತಿರುಗುವಾಗ ವಸ್ತು ಒಂದು ಕೂದಲೆಳೆಯಷ್ಟು ಓಲಾಡುತ್ತದೆ.

ಹಿರಿಯರು ಮೊದಲು ಮಾಡಿದ ಕೆಲಸ ಬಟ್ಟೆಯಿಂದ ದವಡೆಯ ಮೂಲೆಯನ್ನು ಒರೆಸಿದ್ದು. ಬಟ್ಟೆಗೆ ಉಕ್ಕಿನ ಸಣ್ಣದೊಂದು ಸಿಬಿರು ಹತ್ತಿತು. “ಇದರ ದಪ್ಪ ಒಂದು ಮಿಲ್ಲಿಮೀಟರಿನ ಇಪ್ಪತ್ತನೆಯ ಒಂದು ಪಾಲು ಇರಬಹುದು. ಐವತ್ತು ಮಿಲ್ಲಿಮೀಟರು ಅಗಲದ ವಸ್ತುವಿನ ಒಂದು ಅಂಚಿನ ಕೆಳಗೆ ಇದು ಸಿಕ್ಕಿಕೊಂಡರೆ, ನೂರು ಮಿಲ್ಲಿಮೀಟರು ಎತ್ತರದಲ್ಲಿ ಅದರ ಎರಡರಷ್ಟು ವಾಲುತ್ತದೆ” ಎಂದರು. ಭಾವಮೈದನ ಗಿರಾಕಿ ಒಪ್ಪುವ ತಪ್ಪು ಮಿಲ್ಲಿಮೀಟರಿನ ನೂರರಲ್ಲಿ ಎರಡು ಪಾಲು ಮಾತ್ರ. ಪೂಜೆಗೆ ಕೂರುವ ಮುನ್ನ ಮಣೆ ಒರೆಸುವಂತೆ, ಪ್ರತಿಯೊಂದು ಜಾಬನ್ನು ಇಡುವ ಮುನ್ನ ಪೀಠ ಒರೆಸಬೇಕು. ಇದಕ್ಕೆ ಬೇಕಾದದ್ದು ಒಂದು ಬಟ್ಟೆ, ಒಂದು ಬ್ರಷ್ಷು.

ಎರಡನೆಯದಾಗಿ ಅವರು ಗಡಸು ದವಡೆಗಳನ್ನು ಬಿಚ್ಚಿಸಿ ಸಾಫ್ಟ್ ಜಾ ಹಾಕಿಸಿದರು. ಇವು ಮೆತುವಾದ ಉಕ್ಕಿನ ದವಡೆಗಳು. ಇವುಗಳ ವಿಶೇಷವೇನೆಂದರೆ, ಬಳೆಯ ಹೊರವ್ಯಾಸಕ್ಕೆ ಸರಿಯಾಗಿ ಇವುಗಳನ್ನು ಅದೇ ಯಂತ್ರದ ಮೇಲೆ, ಅದೇ ಒತ್ತಡದಲ್ಲಿ ಕಡೆದುಕೊಳ್ಳಬಹುದು. ಹಾಗೆ ಮಾಡಿದಾಗ ದವಡೆಯ ನಡುವೂ ಯಂತ್ರದ ನಡುವೂ ಒಂದೇ ಆಗುತ್ತವೆ. ಅಗಲವಾದ ದವಡೆಗಳಾದರೆ ಬಳೆಯ ಸುತ್ತ ಬಹುಭಾಗವನ್ನು ತಬ್ಬಿಕೊಳ್ಳುತ್ತವೆ. ಮೂರು ಕಡೆ ಚುಚ್ಚುವ ಬಲ ಸುತ್ತಲೂ ಹಂಚಿಹೋಗುತ್ತದೆ. ಮೂರು ಬೆರಳಿನಿಂದ ಹಣ್ಣನ್ನು ಒತ್ತಿ ಹಿಡಿಯುವುದಕ್ಕೂ ಅಂಗೈಯಲ್ಲಿಟ್ಟು ಹಿಡಿಯುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ. ಇನ್ನೂ ತೆಳುವಾದ ಬಳೆಯಾದರೆ ಪಕ್ಕದಿಂದ ಹಿಡಿಯಲೇಬಾರದು. ಸಮತಟ್ಟಾದ ತಟ್ಟೆಯ ಮೇಲೆ ಕೂರಿಸಿ ಅದರ ಮುಖದ ಮೇಲೆ ಒತ್ತಿ ಹಿಡಿಯಬೇಕು ಎಂದರು.

ಮೂರನೆಯದು ಬಿಗಿಯ ವಿಚಾರ. ಜಾಬು ಜಾರಿ ಹಾರಿದರೆ ಪ್ರಾಣಕ್ಕೇ ಅಪಾಯ. ಆದಕಾರಣ ಎಲ್ಲರೂ ಬಿಗಿಯನ್ನು ಹೆಚ್ಚಿಸುತ್ತಾರೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಚಕ್ಕು ವೇಗವಾಗಿ ತಿರುಗಿದಂತೆ ದವಡೆಗಳು ಹೊರಕ್ಕೆ ಸಿಡಿಯಲು ಯತ್ನಿಸುತ್ತವೆ, ಹಿಡಿತ ಸಡಿಲುತ್ತದೆ. ವೇಗ ಎರಡರಷ್ಟಾದರೆ ಈ ಸಡಿಲಿಕೆ ನಾಲ್ಕರಷ್ಟು. ಅದನ್ನು ತುಂಬಿಕೊಳ್ಳಲು ಮತ್ತಷ್ಟು ಬಿಗಿ, ಅದರಿಂದ ಮತ್ತಷ್ಟು ಡೊಂಕು. ಇದಕ್ಕೆ ಹಿರಿಯರು ಹೇಳಿದ ದಾರಿ ಸರಳ. ಮೊದಲು ಬಿಗಿಯಾಗಿ ಹಿಡಿದು, ಹೆಚ್ಚಿನ ಲೋಹವನ್ನೆಲ್ಲ ತೆಗೆದುಬಿಡಿ. ಆಮೇಲೆ ಬಿಚ್ಚಿ, ಬಳೆ ಮೈಮುರಿದುಕೊಳ್ಳಲಿ. ಮತ್ತೆ ಹಗುರವಾಗಿ ಹಿಡಿದು, ವೇಗವನ್ನು ಮಿತಿಯಲ್ಲಿಟ್ಟು, ಕಡೆಯ ತೆಳುವಾದ ಪದರವನ್ನು ಮಾತ್ರ ಕಡೆಯಿರಿ. ತೆಗೆಯುವ ಲೋಹ ಕಡಿಮೆಯಾದ್ದರಿಂದ ಉಳಿಯ ಸೆಳೆತವೂ ಕಡಿಮೆ. ಹಗುರವಾದ ಹಿಡಿತವೇ ಸಾಕಾಗುತ್ತದೆ. ಒಂದಕ್ಕೊಂದು ಸರಿಹೊಂದಬೇಕಾದ ಮೈಗಳನ್ನೆಲ್ಲ ಆ ಕಡೆಯ ಹಿಡಿತದಲ್ಲಿಯೇ ಮುಗಿಸಿಬಿಡಬೇಕು. ಏಕೆಂದರೆ ಬಿಚ್ಚಿ ಹಿಡಿದಾಗಲೆಲ್ಲ ಹೊಸದೊಂದು ತಪ್ಪು ಒಳಗೆ ಬರುತ್ತದೆ.

“ದುಂಡಗಿಲ್ಲದ ವಸ್ತುವಾದರೆ?” ಎಂದು ನಾನು ಕೇಳಿದೆ.

“ಮೇಷ್ಟ್ರೇ, ನಿಮ್ಮ ಮನೆಯಲ್ಲಿ ಹಿಂದೆ ಮೂರು ಕಲ್ಲಿನ ಒಲೆ ಇತ್ತೇ?” ಎಂದು ಅವರು ತಿರುಗಿ ಕೇಳಿದರು. ನಮ್ಮ ಅಜ್ಜಿಯ ಮನೆಯ ಹಿತ್ತಿಲಲ್ಲಿ ನೀರು ಕಾಯಿಸಲು ಇತ್ತು. “ಆ ಒಲೆಯ ಮೇಲೆ ಪಾತ್ರೆ ಎಂದಾದರೂ ಕುಂಟಿತೇ? ನೆಲ ಹೇಗೇ ಇರಲಿ, ಮೂರು ಕಲ್ಲಿನ ಮೇಲೆ ಪಾತ್ರೆ ಕುಂಟುವುದಿಲ್ಲ. ನಾಲ್ಕು ಕಾಲಿನ ಮೇಜು ಕುಂಟುತ್ತದೆ. ನಮ್ಮ ವಿದ್ಯೆಯೂ ಅಷ್ಟೇ.”

ಚೌಕವಾದ ವಸ್ತುವೊಂದು ಆರು ಬಗೆಯಲ್ಲಿ ಅಲುಗಬಲ್ಲದು: ಮೂರು ದಿಕ್ಕಿನಲ್ಲಿ ಸರಿಯಬಹುದು, ಆ ಮೂರೂ ದಿಕ್ಕಿನ ಸುತ್ತ ತಿರುಗಬಹುದು. ಅದರ ತಳಕ್ಕೆ ಮೂರು ಆಸರೆ, ಉದ್ದನೆಯ ಪಕ್ಕಕ್ಕೆ ಎರಡು, ತುದಿಗೆ ಒಂದು, ಹೀಗೆ ಆರು ಬಿಂದುಗಳನ್ನು ಕೊಟ್ಟು ಅವುಗಳಿಗೆ ಒತ್ತಿ ಹಿಡಿದರೆ ಆರು ಅಲುಗಾಟವೂ ನಿಂತವು. ಅದಕ್ಕಿಂತ ಹೆಚ್ಚು ಆಸರೆ ಕೊಟ್ಟರೆ ಭದ್ರತೆ ಹೆಚ್ಚುವುದಿಲ್ಲ. ಯಾವುದೋ ಒಂದು ಆಸರೆಯನ್ನು ವಸ್ತು ಮುಟ್ಟದೆ ಕುಂಟುತ್ತದೆ, ಇಲ್ಲವೇ ಬಿಗಿದಾಗ ಬಾಗುತ್ತದೆ. ಕ್ಲಾಂಪಿನ ಒತ್ತಡವೂ ಆಸರೆಯ ನೇರಕ್ಕೇ ಬೀಳಬೇಕು. ಎರಡು ಆಸರೆಗಳ ನಡುವಿನ ಟೊಳ್ಳಿನ ಮೇಲೆ ಒತ್ತಿದರೆ ವಸ್ತು ತೊಟ್ಟಿಲಿನಂತೆ ತಗ್ಗುತ್ತದೆ. ಜಿಗ್ ಮತ್ತು ಫಿಕ್ಸ್ಚರುಗಳೆಂಬ ಹಿಡಿಕೆಯ ಸಾಧನಗಳೆಲ್ಲ ಈ ಮೂರು ಕಲ್ಲಿನ ಒಲೆಯ ವಿಸ್ತಾರವೇ ಎಂದು ನನಗೆ ಮನದಟ್ಟಾಯಿತು.

ಮನೆಗೆ ಬಂದು ಪುಸ್ತಕಗಳನ್ನು ತಿರುವಿದಾಗ ಇದು ಹೊಸ ಪಾಠವಲ್ಲವೆಂದು ತಿಳಿಯಿತು. ಜೇಮ್ಸ್ ವಾಟ್ 1769ರಲ್ಲಿ ಉಗಿಯಂತ್ರದ ಸುಧಾರಣೆಗೆ ಪೇಟೆಂಟು ಪಡೆದನು. ಆದರೆ ಹಬೆ ಸೋರದಷ್ಟು ದುಂಡಾದ ಸಿಲಿಂಡರನ್ನು ಕಡೆದುಕೊಡುವವರು ವರ್ಷಗಳವರೆಗೆ ದೊರೆಯಲಿಲ್ಲ. ಅಂದಿನ ಯಂತ್ರಗಳಲ್ಲಿ ಉಳಿಯನ್ನು ಹೊತ್ತ ಸಲಾಕಿಗೆ ಒಂದೇ ತುದಿಯಲ್ಲಿ ಆಧಾರ. ಇನ್ನೊಂದು ತುದಿ ಒಳಗೆ ಜೋತು ಓಲಾಡುತ್ತಿತ್ತು. ಜಾನ್ ವಿಲ್ಕಿನ್ಸನ್ ಎಂಬಾತ 1775ರ ಸುಮಾರಿಗೆ ಸಿಲಿಂಡರನ್ನು ಅಲುಗದಂತೆ ಬಿಗಿದು, ಸಲಾಕಿಯನ್ನು ಅದರ ಮೂಲಕ ಹಾಯಿಸಿ, ಎರಡೂ ತುದಿಯಲ್ಲಿ ಆಧಾರ ಕೊಟ್ಟನು. ಐವತ್ತು ಅಂಗುಲ ಅಗಲದ ಸಿಲಿಂಡರಿನಲ್ಲಿ ತಪ್ಪು ಒಂದು ಹಳೆಯ ಷಿಲ್ಲಿಂಗ್ ನಾಣ್ಯದ ದಪ್ಪಕ್ಕಿಂತ ಹೆಚ್ಚಲಿಲ್ಲವಂತೆ. ಉಳಿಯನ್ನು ಹರಿತ ಮಾಡಿ ಪಡೆದ ಗೆಲುವಲ್ಲ ಅದು; ಹಿಡಿತವನ್ನು ಸರಿಪಡಿಸಿ ಪಡೆದ ಗೆಲುವು.

ನಮ್ಮ ನಾಡಿಗೂ ಈ ವಿದ್ಯೆ ನಿನ್ನೆ ಮೊನ್ನೆ ಬಂದದ್ದಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಆರಂಭವಾಗಿ ಲೇತುಗಳನ್ನು ಮಾಡಿತು. 1953ರಲ್ಲಿ ಸ್ವಿಟ್ಸರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಕಾರದಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಹುಟ್ಟಿತು. 1962ರಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆಂದೇ ಕೇಂದ್ರ ಸಂಸ್ಥೆಯೊಂದು ಅದೇ ನಗರದಲ್ಲಿ ಸ್ಥಾಪಿತವಾಯಿತು, ಸಿ.ಎಂ.ಟಿ.ಐ. ಎಂಬ ಹೆಸರಿನಿಂದ ಅದು ಈಗಲೂ ತುಮಕೂರು ರಸ್ತೆಯಲ್ಲಿದೆ. ಹರಿಹರದ ಆ ಕಾರ್ಖಾನೆ ಮುಚ್ಚಿ ವರ್ಷಗಳಾದವು, ಎಚ್.ಎಂ.ಟಿ.ಯ ಹಿಂದಿನ ವೈಭವವೂ ಇಂದಿಲ್ಲ. ಆದರೆ ಅಂಥ ಕಾರ್ಖಾನೆಗಳಲ್ಲಿ ಪಳಗಿದ ಕೈಗಳು ಇನ್ನೂ ನಮ್ಮ ನಡುವೆ ಇವೆ. ಮುದ್ದೇನಹಳ್ಳಿಯ ಕಟ್ಟೆಯ ಮೇಲೆ ನಮಗೆ ಸಿಕ್ಕಿದ್ದು ಅಂಥದೇ ಒಂದು ಕೈ. ಅವರೊಂದಿಗೆ ಆ ಬೆರಳಿನ ಅರಿವೂ ಹೊರಟುಹೋಗುವ ಮುನ್ನ ನಮ್ಮ ಹುಡುಗರು ಅವರ ಪಕ್ಕದಲ್ಲಿ ಒಂದು ಭಾನುವಾರವಾದರೂ ಕೂರಬೇಕು. ಎಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ನನ್ನ ಬಿನ್ನಹ.

ಇನ್ನು ಆ ಹುಡುಗನ ಮಾತು. ಹಿರಿಯರು ಬರುವ ಹಿಂದಿನ ದಿನ ಭಾವಮೈದ ತಾನೇ ಗೌರಿಬಿದನೂರಿನ ಕಡೆಯ ಅವನ ಊರಿಗೆ ಹೋಗಿದ್ದನು. “ತಪ್ಪು ನನ್ನದು, ಬಾಪ್ಪ” ಎಂದನಂತೆ. ಹುಡುಗನ ತಾಯಿ ಕಾಫಿ ಕೊಟ್ಟು, “ಅವನು ಅಳುತ್ತಾ ಬಂದ ಸ್ವಾಮಿ, ಏನು ತಪ್ಪು ಮಾಡಿದನೆಂದು ಅವನಿಗೇ ತಿಳಿಯಲಿಲ್ಲ” ಎಂದಳಂತೆ. ಭಾನುವಾರ ಸಾಫ್ಟ್ ಜಾಗಳನ್ನು ಕಡೆದವನು ಆ ಹುಡುಗನೇ. ಹಿರಿಯರು ಅವನ ಹೆಗಲ ಮೇಲೆ ಕೈಯಿಟ್ಟುಕೊಂಡು, ಯಂತ್ರವನ್ನು ತಾವು ಮುಟ್ಟದೆ, ಬಾಯಿಮಾತಿನಲ್ಲಿಯೇ ಎಲ್ಲವನ್ನೂ ಮಾಡಿಸಿದರು. ಸಂಜೆಯ ಹೊತ್ತಿಗೆ ಹತ್ತು ಬಳೆಗಳಾದವು. ಒಂದೊಂದನ್ನೂ ಬಿಚ್ಚಿ, ತಣ್ಣಗಾಗಲು ಬಿಟ್ಟು, ಎರವಲು ತಂದ ಮೂರು ಕಾಲಿನ ಗೇಜಿನಿಂದ ತಿರುಗಿಸಿ ತಿರುಗಿಸಿ ನೋಡಿದರು. ಹತ್ತನೆಯದರಲ್ಲಿ ಬೇರಿಂಗನ್ನು ಇಟ್ಟು ಹುಡುಗ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದನು. ಅದು ಸದ್ದಿಲ್ಲದೆ ಒಳಗೆ ಕುಳಿತಿತು.

ಮುಂದಿನ ಕಂತಿನ ಬಳೆಗಳು ಒಪ್ಪಿಗೆಯಾದವು. ಕೆಲವು ಹಿಂದಕ್ಕೆ ಬಂದವು, ಆದರೆ ಬೆರಳೆಣಿಕೆಯಷ್ಟು. ಆರ್ಡರು ಉಳಿಯಿತು. ಹಳೆಯ ಅರವತ್ತೆರಡರ ನಷ್ಟ ನಷ್ಟವೇ. ಸಾಲದ ಕಂತುಗಳೂ ಇನ್ನೂ ಇವೆ. ಅರವತ್ತೊಂದು ಬಳೆಗಳು ಗುಜರಿಯವನ ತಕ್ಕಡಿಗೆ ಏರಿದವು. ಮುದ್ದೇನಹಳ್ಳಿಗೆ ಬಂದಿದ್ದ ಆ ಒಂದನ್ನು ನಾನು ಕೇಳಿ ತೆಗೆದುಕೊಂಡೆ. ವಿದ್ಯಾರ್ಥಿಗಳ ಪ್ರಬಂಧಗಳು ಗಾಳಿಗೆ ಹಾರದಂತೆ ಈಗ ಅದು ನನ್ನ ಮೇಜಿನ ಮೇಲಿದೆ. ಬಂದವರು ಕೈಗೆತ್ತಿಕೊಂಡು, “ಎಷ್ಟು ದುಂಡಗಿದೆ!” ಎನ್ನುತ್ತಾರೆ. ನಾನು ಅವರನ್ನು ಕೂರಿಸಿ, ಈ ಕಥೆಯನ್ನು ಹೇಳುತ್ತೇನೆ.